ಕಾಲಿನ ಉಬ್ಬುನರ: ಶಸ್ತ್ರಚಿಕಿತ್ಸೆಯಿಲ್ಲದ ದಾರಿಗಳು

(ಕೊಳ್ಳೇಗಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಆರೋಗ್ಯದ ಬಗ್ಗೆ ಮಾತನಾಡಲು ಕರೆದಾಗ ಸಾಮಾನ್ಯವಾಗಿ ಹೃದಯ, ಕ್ಯಾನ್ಸರ್, ಸಕ್ಕರೆ ಕಾಯಿಲೆಗಳನ್ನು ಆರಿಸಿಕೊಳ್ಳುವುದು ವಾಡಿಕೆ. ನಾನು ಕಾಲಿನ ನರ ಉಬ್ಬುವ ತೊಂದರೆಯನ್ನು ಆರಿಸಿಕೊಂಡಿದ್ದೇನೆ. ವೈದ್ಯರು ಇದನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಇದರಿಂದ ಪ್ರಾಣ ಹೋಗುವುದಿಲ್ಲ ಎಂದು ಜನ ಇದನ್ನು ಹತ್ತಾರು ವರ್ಷ ಸಹಿಸಿಕೊಂಡೇ ಇರುತ್ತಾರೆ. ಕೊನೆಗೆ ಹರಡಿನ ಮೇಲೆ ಹುಣ್ಣಾಗಿ, ಅದು ಮಾಯದೆ, ಕೂಲಿ ತಪ್ಪಿದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಬಂದವರ ಮೊದಲ ಮಾತು ಹೆಚ್ಚಾಗಿ ಒಂದೇ: ‘ಆಪರೇಸನ್ ಮಾತ್ರ ಬ್ಯಾಡಿ ಸಾ.’

ಆ ಭಯಕ್ಕೆ ಕಾರಣವಿದೆ. ತೊಡೆಸಂದಿಯಲ್ಲಿ ಕೊಯ್ದು, ಕೆಟ್ಟ ನರವನ್ನು ತಂತಿಗೆ ಕಟ್ಟಿ ಎಳೆದು ತೆಗೆಯುವ ಶಸ್ತ್ರಚಿಕಿತ್ಸೆಯೇ ಬಹುಕಾಲ ಇದಕ್ಕಿದ್ದ ಮುಖ್ಯ ಮದ್ದು. ಇವತ್ತು ಕೊಯ್ಯದೆಯೂ ಮಾಡಬಹುದಾದದ್ದು ಬಹಳ ಇದೆ. ಆದರೆ ಶಸ್ತ್ರಚಿಕಿತ್ಸೆ ಬೇಡ ಎಂದರೆ ಚಿಕಿತ್ಸೆಯೇ ಬೇಡ ಎಂದಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಕೆಲಸ ವೈದ್ಯರದು. ಅದಿಲ್ಲದ ದಾರಿಯಲ್ಲಿ ಹೆಚ್ಚಿನ ಕೆಲಸ ರೋಗಿಯದು, ಆತನ ಮನೆಯವರದು. ಆ ಕೆಲಸವನ್ನು ಅವರಿಗೆ ಕೈಹಿಡಿದು ಕಲಿಸದೆ ಬರೀ ಚೀಟಿ ಬರೆದು ಕಳಿಸುತ್ತಿರುವುದೇ ನಮ್ಮ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ.

ಮೊದಲು ನರ ಏಕೆ ಉಬ್ಬುತ್ತದೆ ಎಂಬುದನ್ನು ಹೇಳುತ್ತೇನೆ. ಆಮೇಲೆ ಮನೆಯಲ್ಲಿ ಮಾಡಬಹುದಾದದ್ದು, ಅನಂತರ ಸೂಜಿ ಮತ್ತು ಲೇಸರ್‌ನ ದಾರಿಗಳು, ಕೊನೆಗೆ ಹುಣ್ಣಿನ ಆರೈಕೆ.

ಜನ ‘ನರ’ ಎಂದು ಕರೆಯುವ ಈ ನಾಳ ಕೆಟ್ಟ ರಕ್ತವನ್ನು ಹೃದಯಕ್ಕೆ ಹಿಂತಿರುಗಿಸುವ ಸಿರೆ. ಪಾದದಿಂದ ಎದೆಯವರೆಗೆ ರಕ್ತ ಮೇಲಕ್ಕೆ ಹತ್ತಬೇಕು. ಅದನ್ನು ಹತ್ತಿಸುವುದು ಮುಖ್ಯವಾಗಿ ಮೀನಖಂಡ. ನಡೆಯುವಾಗ ಮೀನಖಂಡ ಬಿಗಿದು ಒಳಗಿನ ಸಿರೆಗಳನ್ನು ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಏರಿದ್ದು ಕೆಳಗಿಳಿಯದಂತೆ ತಡೆಯಲು ಸಿರೆಯ ಒಳಗೆ ಸಣ್ಣ ಸಣ್ಣ ಕವಾಟಗಳಿವೆ. ತೋಟದ ಬಾವಿಗೆ ಪಂಪು ಇಳಿಸಿದವರಿಗೆ ಫುಟ್‌ವಾಲ್ವ್ ಗೊತ್ತು. ಅದು ಸೋರಿದರೆ ಪೈಪಿನಲ್ಲಿ ಏರಿದ ನೀರು ಬಾವಿಗೇ ಬೀಳುತ್ತದೆ. ಕಾಲಿನ ಕವಾಟ ಸಡಿಲವಾದಾಗ ಆಗುವುದೂ ಇದೇ. ಕೆಳಗೆ ನಿಂತ ರಕ್ತದ ಒತ್ತಡಕ್ಕೆ ಚರ್ಮದಡಿಯ ಸಿರೆ ಹಿಗ್ಗಿ, ಸುರುಳಿ ಸುತ್ತಿ, ಗಂಟುಗಂಟಾಗುತ್ತದೆ. ಸುಮ್ಮನೆ ನಿಂತಾಗ ಹರಡಿನ ಬಳಿ ಸಿರೆಯ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಆರೋಗ್ಯವಂತರು ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಕೆಟ್ಟವರಲ್ಲಿ ಹಾಗೆ ಇಳಿಯುವುದಿಲ್ಲ. ಚರ್ಮ ಕಪ್ಪಾಗುವುದು, ನವೆ, ಗಟ್ಟಿಯಾಗುವುದು, ಹುಣ್ಣು, ಎಲ್ಲಕ್ಕೂ ಮೂಲ ಇಳಿಯದ ಆ ಒತ್ತಡ.

ಯಾರಿಗೆ ಬರುತ್ತದೆ? ತಂದೆತಾಯಿಗೆ ಇದ್ದವರಿಗೆ, ವಯಸ್ಸಾದವರಿಗೆ, ಹಲವು ಹೆರಿಗೆಯಾದವರಿಗೆ, ತೂಕ ಹೆಚ್ಚಿದವರಿಗೆ, ಹೆಚ್ಚು ಹೊತ್ತು ನಿಂತು ದುಡಿಯುವವರಿಗೆ. ಇದು ಹೆಂಗಸರ ಕಾಯಿಲೆ ಎಂಬ ನಂಬಿಕೆಯೊಂದಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 18ರಿಂದ 64 ವಯಸ್ಸಿನವರ ಕಾಲುಗಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡ ಸಿರೆಗಳ ಉಬ್ಬು ಗಂಡಸರಲ್ಲಿ ಶೇಕಡಾ 40, ಹೆಂಗಸರಲ್ಲಿ ಶೇಕಡಾ 32 ಕಂಡುಬಂತು. ನಮ್ಮಲ್ಲಿ ಗಂಡಸರ ಕಾಲು ಪಂಚೆಯಡಿ, ಹೆಂಗಸರ ಕಾಲು ಸೀರೆಯಡಿ. ಎರಡೂ ವೈದ್ಯರ ಕಣ್ಣಿಗೆ ಬೀಳುವುದು ತಡವಾಗಿಯೇ.

ಕೊಳ್ಳೇಗಾಲ ರೇಷ್ಮೆಯ ಊರು. ಗುಂಡಿಮಗ್ಗದ ಮುಂದೆ ಕುಳಿತು ನೇಯುವವರ ಕಾಲು ತುಳಿಗೋಲಿನ ಮೇಲೆ ಆಡುತ್ತಲೇ ಇರುತ್ತದೆ. ಅವರಿಗಿಂತ ಹೆಚ್ಚು ಕಷ್ಟ ನಿಂತ ಜಾಗದಲ್ಲೇ ನಿಲ್ಲುವವರದು: ನೂಲು ಬಿಚ್ಚುವವರು, ವಿದ್ಯುತ್ ಮಗ್ಗ ನೋಡಿಕೊಳ್ಳುವವರು, ಹೋಟೆಲಿನ ಒಲೆಯ ಮುಂದಿನವರು, ಬಟ್ಟೆ ಅಂಗಡಿಯವರು. ಹುಳು ಸಾಕುವ ಮನೆಯ ಹೆಂಗಸರನ್ನು ವಿಶೇಷವಾಗಿ ನೆನೆಯಬೇಕು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳುವಿಗೆ ತಿಂದಷ್ಟೂ ಸಾಲದು. ಒಂದು ಬೆಳೆಗೆ ಬೇಕಾದ ಸೊಪ್ಪಿನ ಬಹುಪಾಲು ಆ ಒಂದು ವಾರದಲ್ಲೇ ಖರ್ಚಾಗುತ್ತದೆ. ಅದಾದ ಕೂಡಲೇ ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಕೆಲಸ. ಹಗಲು ರಾತ್ರಿ ನಿಂತೇ. ‘ಬೆಳ ಬಂದಾಗ ಕೂರಕ್ಕ ಎಲ್ಲಾಯ್ತದ ಸಾ? ರಾತ್ರ ಆದ್ರ ಮೀನಖಂಡ ಹಿಡ್ಕತದ, ಕಾಲ್ನ ಗ್ವಾಡ ಮ್ಯಾಲ ಎತ್ತಿ ಮಡಿಕಂಡು ಮಲಿಕತ್ತೀನಿ’ ಎಂದು ಒಬ್ಬ ತಾಯಿ ಹೇಳಿದರು. ಕಾಲನ್ನು ಗೋಡೆಗೆ ಎತ್ತಿ ಇಡುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸರಿಯಾದ ಚಿಕಿತ್ಸೆಯನ್ನು ಅವರ ದೇಹವೇ ಕಂಡುಕೊಂಡಿತ್ತು.

ಇಲ್ಲಿಂದ ಎರಡನೆಯ ಭಾಗಕ್ಕೆ, ಮನೆಯ ಚಿಕಿತ್ಸೆಗೆ ಬರುತ್ತೇನೆ.

ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಟ್ಟು ಮಲಗುವುದು ಮೊದಲನೆಯದು. ಮೊಣಕಾಲಿನ ಕೆಳಗೆ ಒಂದು ದಿಂಬು ಸಿಕ್ಕಿಸಿದರೆ ಸಾಲದು. ಹಿಮ್ಮಡಿ ಎದೆಗಿಂತ ಮೇಲಿರಬೇಕು. ದಿನಕ್ಕೆ ಮೂರು ನಾಲ್ಕು ಸಲ, ಕಾಲು ಗಂಟೆಯಿಂದ ಅರ್ಧ ಗಂಟೆ. ರಾತ್ರಿ ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಬಹುದು. ಉಬ್ಬಸ, ಹೃದಯದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. ನಿಂತು ಕೆಲಸ ಮಾಡುವವರು ಆಗಾಗ ಹಿಮ್ಮಡಿ ಎತ್ತಿ ಇಳಿಸಿ ಮಾಡಬೇಕು. ಹತ್ತು ಹದಿನೈದು ಸಲ ಮಾಡಿದರೆ ಮೀನಖಂಡದ ಪಂಪು ಮತ್ತೆ ಓಡುತ್ತದೆ.

ನಡೆಯುವುದು ಇದಕ್ಕೆ ಶತ್ರುವಲ್ಲ, ಮಿತ್ರ. ಈ ಮಾತನ್ನು ಹನೂರಿನ ಕಡೆಯವರಿಗೆ ಒತ್ತಿ ಹೇಳುತ್ತೇನೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಮಲೆ ಮಹದೇಶ್ವರ ಬೆಟ್ಟ ಹತ್ತುವ ಮಾದಪ್ಪನ ಭಕ್ತರಲ್ಲಿ ನರ ಉಬ್ಬಿದವರೂ ಇರುತ್ತಾರೆ. ಹತ್ತುವುದರಿಂದ ನರ ಕೆಡುತ್ತದೆಂದು ಹೆದರಬೇಕಿಲ್ಲ. ಬೆಟ್ಟ ಸೇರಿದ ಮೇಲೆ ದರ್ಶನದ ಸಾಲಿನಲ್ಲಿ ಅಲುಗದೆ ನಿಲ್ಲುವ ಹೊತ್ತೇ ಕಾಲಿಗೆ ಹೊರೆ. ಆ ಸಾಲಿನಲ್ಲೂ ಹಿಮ್ಮಡಿ ಎತ್ತಿ ಇಳಿಸಬಹುದು. ಕಪ್ಪಗಾದ ಹರಡಿನ ಚರ್ಮಕ್ಕೆ ಮುಳ್ಳು ತರಚಿದರೆ ಅದೇ ಹುಣ್ಣಾಗಬಹುದು. ಆದ್ದರಿಂದ ಬರಿಗಾಲಿನ ಹರಕೆ ಹೊತ್ತವರು ಕಣಕಾಲಿಗೆ ಬಟ್ಟೆ ಸುತ್ತಿಕೊಂಡು ಹೊರಡುವುದು ಒಳ್ಳೆಯದು.

ಮುಂದಿನದು ಒತ್ತಡದ ಕಾಲುಚೀಲ, ಅಂದರೆ ಸ್ಟಾಕಿಂಗ್ಸ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅತಿ ಹೆಚ್ಚು ಬರೆದುಕೊಡುವುದು ಇದನ್ನೇ, ಪೆಟ್ಟಿಗೆ ಸೇರುವುದೂ ಇದೇ. ಒಬ್ಬರನ್ನು ಕೇಳಿದಾಗ, ‘ವಸಿ ದಿನ ಹಾಕ್ದಿ ಸಾ, ಬಿಸ್ಲಿಗ ಉರಿ ತಡಿಯಕ್ಕ ಆಗ್ನಿಲ್ಲ, ಮಡ್ಚಿ ಮಡ್ಗಿವ್ನಿ’ ಎಂದರು. ಅವರನ್ನು ಬೈಯುವುದು ಸುಲಭ. ಆದರೆ ಅವರ ಚೀಲ ಅಳತೆಯದ್ದಾಗಿರಲಿಲ್ಲ. ಸಂಜೆ, ಕಾಲು ಊದಿದ ಹೊತ್ತಿನಲ್ಲಿ ಕೊಂಡದ್ದು. ಮಂಡಿಯ ಕೆಳಗೆ ಅದರ ಅಂಚು ಸುರುಳಿಯಾಗಿ ಇಳಿದು ದಾರ ಬಿಗಿದಂತೆ ಚರ್ಮದಲ್ಲಿ ಗೆರೆ ಮೂಡಿಸಿತ್ತು. ಮೇಲಿನ ಅಂಚು ಹಾಗೆ ಬಿಗಿದರೆ ರಕ್ತ ಏರುವ ಬದಲು ಅಲ್ಲೇ ನಿಲ್ಲುತ್ತದೆ.

ಸರಿಯಾದ ಚೀಲದ ಒತ್ತಡ ಹರಡಿನಲ್ಲಿ ಅತಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಸಾಮಾನ್ಯವಾಗಿ ಬೇಕಾಗುವುದು 20ರಿಂದ 30 ಮಿಲಿಮೀಟರ್ ಒತ್ತಡದ್ದು, ಮಂಡಿಯ ಕೆಳಗಿನವರೆಗಿನದು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ, ಕಾಲು ಊದುವುದಕ್ಕೆ ಮೊದಲೇ ಹರಡು ಮತ್ತು ಮೀನಖಂಡದ ಸುತ್ತಳತೆ ತೆಗೆಸಬೇಕು. ಹಾಕಿಕೊಳ್ಳುವುದೂ ಆ ಹೊತ್ತಿನಲ್ಲೇ. ಚೀಲವನ್ನು ಹಿಮ್ಮಡಿಯವರೆಗೆ ಒಳಮಗುಚಿ ಮೊದಲು ಪಾದಕ್ಕೆ ತೊಡಿಸಿ, ಹಿಮ್ಮಡಿ ತನ್ನ ಜಾಗದಲ್ಲಿ ಕೂತ ಮೇಲೆ ಅಂಗೈಯಿಂದ ತೀಡುತ್ತಾ ಮೇಲಕ್ಕೆ ತರಬೇಕು. ಅಂಚು ಹಿಡಿದು ಜಗ್ಗಬಾರದು. ಬೆರಳು ತೆರೆದ ಚೀಲವಾದರೆ ಪಾದಕ್ಕೆ ನುಣುಪಾದ ಪ್ಲಾಸ್ಟಿಕ್ ಕವರು ಹಾಕಿ, ಚೀಲ ಏರಿಸಿದ ಮೇಲೆ ಕವರನ್ನು ಬೆರಳ ಕಡೆಯಿಂದ ಎಳೆದರೆ ಸುಲಭ. ಅಡುಗೆಮನೆಯ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತದೆ. ರಾತ್ರಿ ತೆಗೆದು, ತೆಳು ಸೋಪಿನಲ್ಲಿ ಒಗೆದು, ಹಿಂಡದೆ ನೆರಳಲ್ಲಿ ಒಣಗಿಸಬೇಕು. ಸುಮಾರು ಆರು ತಿಂಗಳಿಗೆ ಬಿಗಿ ಹೋಗುತ್ತದೆ. ಆಗ ಹೊಸದು ಬೇಕು. ಸೊಂಟ ಬಾಗದ, ಕೈಬೆರಳು ಬಿಗಿದ ಅಜ್ಜಿಯೊಬ್ಬರು ಇದನ್ನು ಒಬ್ಬರೇ ಮಾಡಲಾರರು. ಮಗಳೋ ಸೊಸೆಯೋ ಮೊಮ್ಮಗನೋ ಕಲಿಯಬೇಕು. ಚೀಲ ಬರೆದುಕೊಡುವ ದಿನವೇ ಮನೆಯ ಒಬ್ಬರನ್ನು ಎದುರಿಗೆ ಕೂರಿಸಿ ತೊಡಿಸಿ ತೋರಿಸದಿದ್ದರೆ ಆ ಚೀಟಿ ವ್ಯರ್ಥ.

ಎಲ್ಲರ ಕಾಲಿಗೂ ಒತ್ತಡ ಹಾಕಬಾರದು. ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು, ಸ್ವಲ್ಪ ದೂರ ನಡೆದರೆ ಮೀನಖಂಡ ನೋಯುವವರು, ಇವರಿಗೆ ಕಾಲಿಗೆ ಶುದ್ಧ ರಕ್ತ ಇಳಿಸುವ ನಾಳವೇ ಕಿರಿದಾಗಿರಬಹುದು. ಅಂಥವರಿಗೆ ಬಿಗಿ ಚೀಲ ತೊಡಿಸಿದರೆ ಪಾದಕ್ಕೇ ಅಪಾಯ. ಹರಡಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡಕ್ಕೆ ಹೋಲಿಸಿ ನೋಡುವ ಸರಳ ಪರೀಕ್ಷೆಯೊಂದಿದೆ. ಆ ಅನುಪಾತ 0.8ಕ್ಕಿಂತ ಕಡಿಮೆಯಿದ್ದರೆ ತಜ್ಞರನ್ನು ಕೇಳದೆ ಚೀಲವಾಗಲಿ ಪಟ್ಟಿಯಾಗಲಿ ಬೇಡ.

ಮಾತ್ರೆಗಳ ವಿಷಯ ಬೇಗ ಮುಗಿಸುತ್ತೇನೆ. ಡಯೋಸ್ಮಿನ್, ಕ್ಯಾಲ್ಸಿಯಂ ಡೋಬಿಸಿಲೇಟ್ ಮುಂತಾದವು ಕೆಲವರಿಗೆ ಭಾರ, ಊತ, ಸೆಳೆತವನ್ನು ಸ್ವಲ್ಪ ತಗ್ಗಿಸುತ್ತವೆ. ಸಡಿಲವಾದ ಕವಾಟವನ್ನು ಯಾವ ಮಾತ್ರೆಯೂ ಬಿಗಿ ಮಾಡುವುದಿಲ್ಲ. ಇನ್ನು ನಾಟಿ ಮದ್ದು. ಸಿರೆಗಳು ಗಂಟಾಗುವ ತೊಂದರೆಯನ್ನು ಸುಶ್ರುತ ಸಂಹಿತೆಯೇ ಸಿರಾಗ್ರಂಥಿ ಎಂದು ಗುರುತಿಸಿದೆ. ನಮ್ಮವರು ಈ ಕಾಲುಗಳನ್ನು ಇಂದು ನಿನ್ನೆಯಿಂದ ನೋಡುತ್ತಿಲ್ಲ. ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರುವುದು ಒಳ್ಳೆಯದೇ. ಆದರೆ ಉಬ್ಬಿದ ನರವನ್ನು ಬಲವಾಗಿ ನೀವುವುದು, ಬರೆ ಹಾಕುವುದು, ಹುಣ್ಣಿಗೆ ಸುಣ್ಣ, ಸೊಪ್ಪಿನ ರಸ ಹಚ್ಚುವುದು ಬೇಡವೇ ಬೇಡ. ಆ ಚರ್ಮ ಮೊದಲೇ ಬೆಂದಂತಿರುತ್ತದೆ. ಸುತ್ತ ಕಜ್ಜಿಯೆದ್ದು ಹುಣ್ಣು ಹಿಗ್ಗಿದ ಕಾಲುಗಳನ್ನು ನಾನು ಬಹಳ ನೋಡಿದ್ದೇನೆ.

ಬಸುರಿಯರಿಗೆ ಒಂದು ಮಾತು. ಆಗ ಉಬ್ಬುವ ನರಗಳು ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ತಗ್ಗುತ್ತವೆ. ಎಡ ಮಗ್ಗುಲಿಗೆ ಮಲಗುವುದು, ಚೀಲ, ಕಾಲೆತ್ತಿ ಇಡುವುದು ಇಷ್ಟೇ ಸಾಕು. ಸೂಜಿ, ಲೇಸರ್ ಆಗ ಬೇಡ. ಆದರೆ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಅದು ಒಳಗಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು. ಬಸುರಿಯಾಗಲಿ ಬೇರೆಯವರಾಗಲಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈಗ ಮೂರನೆಯ ಭಾಗ. ಇಲ್ಲಿ ಮೊದಲು ಬೇಕಾದದ್ದು ಡಾಪ್ಲರ್ ಸ್ಕ್ಯಾನ್. ರೋಗಿಯನ್ನು ನಿಲ್ಲಿಸಿ, ಮೀನಖಂಡ ಹಿಂಡಿ ಬಿಟ್ಟು, ರಕ್ತ ಎಷ್ಟು ಹೊತ್ತು ಹಿಂದಕ್ಕೆ ಹರಿಯುತ್ತದೆ ಎಂದು ನೋಡುತ್ತಾರೆ. ಚರ್ಮದಡಿಯ ಸಿರೆಯಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹರಿದರೆ ಕವಾಟ ಕೆಟ್ಟಿದೆ ಎಂದು ಅರ್ಥ. ಒಳಗಿನ ದೊಡ್ಡ ಸಿರೆ ಹೆಪ್ಪುಗಟ್ಟಿ ಮುಚ್ಚಿದೆಯೇ ಎಂದೂ ಇದೇ ಸ್ಕ್ಯಾನ್ ಹೇಳುತ್ತದೆ. ಈ ನಕ್ಷೆಯಿಲ್ಲದೆ ಸೂಜಿ ಹಾಕಿಸಿಕೊಳ್ಳಬೇಡಿ.

ಹರಡಿನ ಒಳಮಗ್ಗುಲಿನಿಂದ ತೊಡೆಸಂದಿಯವರೆಗೆ ಹೋಗುವ ಉದ್ದನೆಯ ಸಫೀನಸ್ ಸಿರೆ ಕೆಟ್ಟಿದ್ದರೆ ಅದನ್ನು ಒಳಗಿನಿಂದ ಮುಚ್ಚುವ ವಿಧಾನಗಳಿವೆ. ಲೇಸರ್‌ನಲ್ಲಿ ಮಂಡಿಯ ಬಳಿ ಸೂಜಿಯಷ್ಟು ರಂಧ್ರದಿಂದ ತೆಳುವಾದ ತಂತು ಒಳಹೋಗುತ್ತದೆ. ಸಿರೆಯ ಸುತ್ತ ಮರಗಟ್ಟುವ ಮದ್ದು ಬೆರೆತ ಉಪ್ಪುನೀರನ್ನು ತುಂಬುತ್ತಾರೆ; ನೋವೂ ತಿಳಿಯುವುದಿಲ್ಲ, ಸುತ್ತಲಿನ ಚರ್ಮಕ್ಕೆ ಕಾವೂ ತಗಲುವುದಿಲ್ಲ. ಆಮೇಲೆ ತಂತುವನ್ನು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಾ ಕಾವಿನಿಂದ ಸಿರೆಯನ್ನು ಮುಚ್ಚಿಕೊಂಡು ಬರುತ್ತಾರೆ. ರೇಡಿಯೋ ತರಂಗದ ವಿಧಾನದಲ್ಲಿ 120 ಡಿಗ್ರಿ ಕಾವಿನ ತುದಿ ಇದೇ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಅದೇ ದಿನ ನಡೆಸಿ ಮನೆಗೆ ಕಳಿಸುತ್ತಾರೆ. ಕಾವೇ ಬೇಡ ಎಂದರೆ ಸಯನೋಆಕ್ರಿಲೇಟ್ ಅಂಟಿನಿಂದ ಸಿರೆಯ ಗೋಡೆಗಳನ್ನು ಅಂಟಿಸುವುದೂ ಉಂಟು. ಇದು ಬೆಲೆಯಲ್ಲಿ ದುಬಾರಿ.

ಇನ್ನೊಂದು ನೊರೆಯ ಚುಚ್ಚುಮದ್ದು. ಪಾಲಿಡೋಕನಾಲ್ ಅಥವಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಎಂಬ ಮದ್ದಿನ ಒಂದು ಪಾಲಿಗೆ ಮೂರು ನಾಲ್ಕು ಪಾಲು ಗಾಳಿ ಸೇರಿಸಿ, ಎರಡು ಸಿರಿಂಜುಗಳ ನಡುವೆ ಅತ್ತಿತ್ತ ದೂಡಿ ನೊರೆ ಮಾಡುತ್ತಾರೆ. ಇಟಲಿಯ ಟೆಸ್ಸಾರಿ 2000ದಲ್ಲಿ ತೋರಿಸಿದ ವಿಧಾನವಿದು. ನೊರೆ ರಕ್ತವನ್ನು ತಳ್ಳಿ ಸಿರೆಯ ಒಳಗೋಡೆಗೆ ತಾಗುತ್ತದೆ, ಗೋಡೆ ಉರಿದು ಮುಚ್ಚಿಕೊಳ್ಳುತ್ತದೆ. ಖರ್ಚು ಕಡಿಮೆ, ದೊಡ್ಡ ಯಂತ್ರ ಬೇಡ. ಮುಚ್ಚಿದ್ದು ಮತ್ತೆ ತೆರೆದುಕೊಳ್ಳುವುದು ಲೇಸರ್‌ಗಿಂತ ಹೆಚ್ಚು. ಎರಡು ಮೂರು ಸಲ ಬೇಕಾಗಬಹುದು. ಚರ್ಮದಲ್ಲಿ ಕಂದು ಗೆರೆ ಉಳಿಯಬಹುದು. ಒಳಸಿರೆಯಲ್ಲಿ ಹೆಪ್ಪುಗಟ್ಟುವ ಅಪಾಯ ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ. ಮುಪ್ಪಿನವರಿಗೆ, ಹುಣ್ಣಿನ ಸುತ್ತಲಿನ ಸಿರೆಗಳಿಗೆ ನನ್ನ ಒಲವು ಇದರ ಕಡೆಗೇ.

ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿಯ ಕ್ರಮ ಹೀಗಿದೆ: ಮೊದಲು ಕಾವಿನ ವಿಧಾನ, ಅದು ಹೊಂದದಿದ್ದರೆ ನೊರೆ, ಅದೂ ಹೊಂದದಿದ್ದರೆ ಶಸ್ತ್ರಚಿಕಿತ್ಸೆ. ಇವನ್ನು ಮಾಡಿಸಲು ಆಗುವವರಿಗೆ ಬರೀ ಚೀಲ ಕೊಟ್ಟು ಕೂರಿಸಬೇಡಿ ಎಂದೂ ಅದು ಹೇಳುತ್ತದೆ. ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕಿನವರು ಲೇಸರ್‌ಗೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಬೆಳೆ ನಡುವೆ ಬಿಟ್ಟು ಹೊರಡುವುದು ಕಷ್ಟ. ಹಾಗಾಗಿ ಅಲ್ಲಿಯವರೆಗೆ ಚೀಲ ಬೇಕು. ಆದರೆ ಚರ್ಮ ಕಪ್ಪಾಗತೊಡಗಿದವರು, ಒಮ್ಮೆ ರಕ್ತ ಸುರಿದವರು, ಹುಣ್ಣಾದವರು ಹೋಗಲೇಬೇಕು. ಹೊರಡುವ ಮುನ್ನ ಆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಯಾವುದು ಸಿಗುತ್ತದೆ, ಯಾವ ರೆಫರಲ್ ಪತ್ರ ಬೇಕು ಎಂದು ಕೇಳಿಕೊಳ್ಳಿ.

ಕೊನೆಯ ಭಾಗ ಹುಣ್ಣಿನದು. ಇದರಲ್ಲಿ ನಮ್ಮ ನಾಡಿಗೇ ಒಂದು ಪರಂಪರೆಯಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಮೇಲೆ ಅವರೇ ಸ್ಥಾಪಿಸಿದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ಕೆಲಸದಿಂದಲೇ ಆರಂಭವಾಯಿತು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ಪಡೆಯಿತು. ಕುಷ್ಠರೋಗದ ಆರೈಕೆಯ ಜೀವಾಳ ದಿನಾ ಪಾದ ನೋಡಿಕೊಳ್ಳುವುದು, ತೊಳೆಯುವುದು, ಗಾಯ ಕಾಯುವುದು. ಉಬ್ಬುನರದ ಹುಣ್ಣಿಗೂ ಬೇಕಾದದ್ದು ಅಂಥದೇ ತಾಳ್ಮೆಯ ಕೈ.

ಆಶಾ ಕಾರ್ಯಕರ್ತೆ ತಾಯಂದಿರೇ, ಹುಣ್ಣು ಎಲ್ಲಿದೆ ಎಂದು ಮೊದಲು ನೋಡಿ. ಹರಡಿನ ಒಳಮಗ್ಗುಲ ಮೇಲೆ, ಸುತ್ತ ಕಪ್ಪು ಚರ್ಮ, ಮೇಲೆ ಉಬ್ಬಿದ ನರ: ಇದು ಸಿರೆಯ ಹುಣ್ಣಿನ ಲಕ್ಷಣ. ಅಂಗಾಲಿನಲ್ಲಿ, ನೋವಿಲ್ಲದೆ ಇದ್ದರೆ ಸಕ್ಕರೆ ಕಾಯಿಲೆ ಅಥವಾ ಕುಷ್ಠವನ್ನು ಪರೀಕ್ಷಿಸಬೇಕು. ಸೋಲಿಗರ ಹಾಡಿಗಳಲ್ಲಿ ಎಳೆಯ ವಯಸ್ಸಿನವರ ಹರಡಿನಲ್ಲಿ ಮಾಯದ ಹುಣ್ಣು ಕಂಡರೆ ಕುಡಗೋಲು ರಕ್ತಕಣ ಕಾಯಿಲೆ, ಅಂದರೆ ಸಿಕಲ್ ಸೆಲ್ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಆ ಕಾಯಿಲೆಯಲ್ಲೂ ಅದೇ ಜಾಗದಲ್ಲಿ ಹುಣ್ಣಾಗುತ್ತದೆ. ಚಿಕಿತ್ಸೆಯ ದಾರಿ ಬೇರೆ.

ಸಿರೆಯ ಹುಣ್ಣಿಗೆ ಮುಲಾಮಿಗಿಂತ ಪಟ್ಟಿ ಮುಖ್ಯ. ಕಾಲಿನ ರಕ್ತಸಂಚಾರ ಸರಿಯಿದೆ ಎಂದು ವೈದ್ಯರು ನೋಡಿ ಒಪ್ಪಿದ ಮೇಲೆ, ಹುಣ್ಣನ್ನು ಶುದ್ಧ ನೀರಿನಲ್ಲಿ ತೊಳೆದು, ಅಂಟದ ಬಟ್ಟೆ ಮುಚ್ಚಿ, ಪಾದವನ್ನು ಕಣಕಾಲಿಗೆ ಲಂಬ ಕೋನದಲ್ಲಿ ಹಿಡಿಸಿ ಪಟ್ಟಿ ಆರಂಭಿಸಬೇಕು. ಶುರು ಬೆರಳ ಬುಡದಿಂದ, ಹಿಮ್ಮಡಿ ಬಿಟ್ಟುಹೋಗಬಾರದು, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಬೇಕು, ಮಂಡಿಯ ಎರಡು ಬೆರಳು ಕೆಳಗೆ ಮುಗಿಯಬೇಕು. ಕಟ್ಟಿದ ಮೇಲೆ ಬೆರಳ ಬಣ್ಣ ನೋಡಿ, ಹತ್ತು ನಿಮಿಷ ನಡೆಸಿ, ಮತ್ತೆ ನೋಡಿ. ನೀಲಿಯಾದರೆ, ಜುಮ್ಮೆಂದರೆ ಬಿಚ್ಚಿ. ಹರಡಿನಲ್ಲಿ ಮಾತ್ರ ನಾಲ್ಕು ಸುತ್ತು ಬಿಗಿದು ಮೇಲೆ ಸಡಿಲ ಬಿಟ್ಟ ಪಟ್ಟಿಗಿಂತ ಪಟ್ಟಿಯಿಲ್ಲದ ಕಾಲೇ ಮೇಲು.

ಹುಣ್ಣು ಮಾದ ಮೇಲೆ ನರದ ಚಿಕಿತ್ಸೆ ಎಂಬ ಹಳೆಯ ಪದ್ಧತಿಯೂ ಬದಲಾಗಿದೆ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಟ್ಟಿಯ ಜೊತೆಗೇ ಬೇಗ ಸಿರೆ ಮುಚ್ಚಿಸಿಕೊಂಡವರ ಹುಣ್ಣು ಮಾಯಲು ಹಿಡಿದ ಮಧ್ಯಮ ಅವಧಿ 56 ದಿನ. ತಡ ಮಾಡಿದವರದು 82 ದಿನ. ದಿನಗೂಲಿಯ ಮನೆಗೆ ಆ 26 ದಿನದ ಬೆಲೆ ಎಷ್ಟೆಂದು ಈ ಸಭೆಗೆ ನಾನು ಹೇಳಬೇಕಿಲ್ಲ. ಆದ್ದರಿಂದ ಹುಣ್ಣು ಕಂಡ ವಾರಗಳಲ್ಲೇ ಡಾಪ್ಲರ್‌ಗೆ ಕಳಿಸಬೇಕು. ನಮ್ಮ ಉಪಕೇಂದ್ರಗಳಲ್ಲಿ ಒಳ್ಳೆಯ ಪಟ್ಟಿಗಳಿರಬೇಕು, ಕಟ್ಟುವುದನ್ನು ಬೊಂಬೆಯ ಮೇಲಲ್ಲ, ಕಾಲಿನ ಮೇಲೇ ಕಲಿಸಬೇಕು. ಇದು ಜಿಲ್ಲೆಯ ಆರೋಗ್ಯ ಆಡಳಿತಕ್ಕೆ ನನ್ನ ಕಳಕಳಿಯ ಬೇಡಿಕೆ.

ಪ್ರಾಣ ಹೋಗುವುದಿಲ್ಲ ಎಂಬ ನಂಬಿಕೆಗೆ ಒಂದು ಅಪವಾದವಿದೆ. ತೆಳುವಾದ ಚರ್ಮದಡಿಯ ನರ ಸ್ನಾನ ಮಾಡುವಾಗಲೋ ಕೆರೆದಾಗಲೋ ಒಡೆದರೆ ರಕ್ತ ಚಿಲ್ಲೆಂದು ಚಿಮ್ಮುತ್ತದೆ. ಕೂರಿಸಿ, ನಿಲ್ಲಿಸಿ ಆಟೋ ಹುಡುಕಿದರೆ ರಕ್ತ ನಿಲ್ಲುವುದಿಲ್ಲ. ತಕ್ಷಣ ನೆಲದ ಮೇಲೆ ಮಲಗಿಸಿ, ಕಾಲನ್ನು ಎದೆಗಿಂತ ಮೇಲಕ್ಕೆ ಎತ್ತಿ ಹಿಡಿದು, ಒಡೆದ ಜಾಗದ ಮೇಲೇ ಶುಭ್ರ ಬಟ್ಟೆಯಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ. ತೊಡೆಗೆ ಟವೆಲ್ ಬಿಗಿಯಬೇಡಿ. ರಕ್ತ ನಿಂತ ಮೇಲೆ ಪಟ್ಟಿ ಸುತ್ತಿ, ಮಲಗಿಸಿಕೊಂಡೇ 108ರಲ್ಲಿ ಕರೆತನ್ನಿ.

ಉಪನ್ಯಾಸದ ನಂತರ ಪಕ್ಕದ ಕೊಠಡಿಯಲ್ಲಿ ನಾನೂ ಒಬ್ಬ ಶುಶ್ರೂಷಕಿಯೂ ಇರುತ್ತೇವೆ. ಕಾಲು ತೋರಿಸಬೇಕೆನ್ನುವವರು ಸಂಕೋಚ ಬಿಟ್ಟು ಬನ್ನಿ. ಹೆಂಗಸರಿಗೆ ಪರದೆಯ ವ್ಯವಸ್ಥೆ ಇದೆ. ನಿಂತೇ ಪರೀಕ್ಷಿಸಬೇಕು, ಮಲಗಿದರೆ ಉಬ್ಬು ಅಡಗುತ್ತದೆ. ಮನೆಯಲ್ಲಿ ಮಡಿಸಿಟ್ಟ ಚೀಲವಿದ್ದರೆ ನಾಳೆ ಬೆಳಿಗ್ಗೆ ಹೊರರೋಗಿ ವಿಭಾಗಕ್ಕೆ ತನ್ನಿ, ತೊಡಿಸುವವರನ್ನೂ ಜೊತೆಗೆ ಕರೆತನ್ನಿ.